ಊರಿಗೆ ಹೊರಡುವ ಮುನ್ನ ಟೈರಿಗೆಷ್ಟು ಗಾಳಿ?

ರಜೆ ಬಂತೆಂದರೆ ಮುಂಬೈ, ಪುಣೆಯ ನಮ್ಮವರ ಕಾರುಗಳು ಕೊಲ್ಹಾಪುರ ದಾಟಿ ಬೆಳಗಾವಿ, ಹುಬ್ಬಳ್ಳಿಯತ್ತ ಮುಖ ಮಾಡುತ್ತವೆ. ಎಂಜಿನ್ ಆಯಿಲ್ ನಾವೇ ನೋಡುತ್ತೇವೆ, ಟೈರಿನ ಗಾಳಿಯನ್ನು ಮಾತ್ರ ಪೆಟ್ರೋಲ್ ಬಂಕಿನ ಹುಡುಗನಿಗೆ ಬಿಟ್ಟುಬಿಡುತ್ತೇವೆ.

ಇಡೀ ಕಾರು ರಸ್ತೆಗೆ ತಾಗುವುದು ಒಂದೊಂದು ಟೈರಿನ ಅಂಗೈಯಗಲ ಜಾಗದಲ್ಲಷ್ಟೇ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಬಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ಸ್ವಲ್ಪ ತಡವಾಗಿ ಮಾತು ಕೇಳುತ್ತದೆ. ನೀರು ನಿಂತ ರಸ್ತೆಯಲ್ಲಿ ಟೈರು ನೆಲ ಬಿಟ್ಟು ತೇಲುವುದೂ ಬೇಗ. ಗಾಳಿ ಹೆಚ್ಚಾದರೆ ನಡುಭಾಗವಷ್ಟೇ ನೆಲ ಮುಟ್ಟಿ, ಹಿಡಿತ ತಗ್ಗಿ, ಗುಂಡಿ ಸಿಕ್ಕಲ್ಲೆಲ್ಲ ಕಾರು ಪುಟಿಯುತ್ತದೆ.

"ಬೇಸಿಗೆ, ಗಾಳಿ ಸ್ವಲ್ಪ ಕಡಿಮೆ ಹಾಕಪ್ಪ" ಎನ್ನುವವರು ನಮ್ಮಲ್ಲಿ ಬಹಳ. ಇದು ತಲೆಕೆಳಗಾದ ಲೆಕ್ಕ. ಓಡಿದ ಟೈರು ಬಿಸಿಯಾಗಿ ಒತ್ತಡ 4-5 ಪಿಎಸ್‌ಐ ಏರುವುದು ಸಹಜ. ಕಾರು ಕಂಪನಿಯವರು ಅದನ್ನು ಗಮನದಲ್ಲಿಟ್ಟೇ ಅಂಕಿ ಕೊಟ್ಟಿರುತ್ತಾರೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಅತಿಯಾಗಿ ಕಾದರೆ ವೇಗದಲ್ಲಿರುವಾಗಲೇ ಸಿಡಿಯಬಹುದು. ಹಾಗಾಗಿ ದಾರಿಯಲ್ಲಿ ಊಟಕ್ಕೆ ನಿಂತಾಗ ಬಿಸಿ ಟೈರಿನಿಂದ ಗಾಳಿ ಬಿಡಿಸಬೇಡಿ.

ಆ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ. ಮನೆಮಂದಿಯೆಲ್ಲ ಹತ್ತಿ ಡಿಕ್ಕಿಯೂ ತುಂಬಿದ್ದರೆ ಹಲವು ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಹೆಚ್ಚು ಬೇಕು, ಅದೂ ಆ ಚೀಟಿಯಲ್ಲೇ ಇರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳತೆ ಮಾಡಿಸಿ, ಸ್ಟೆಪ್ನಿಯದ್ದೂ ಸೇರಿಸಿ.