ಎರಡು ಯಂತ್ರ, ಒಂದು ಬರಹ

ಹಾವೇರಿಗೆ ಹತ್ತಿರದ ಅಗಡಿ ಕನ್ನಡ ವಾಚಕರಿಗೆ ಅಪರಿಚಿತವಾದ ಊರಲ್ಲ. ಶ್ರೀ ಶೇಷಾಚಲ ಸದ್ಗುರುಗಳ ಆನಂದವನ ಇರುವುದು ಇಲ್ಲಿಯೇ. 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟದ್ದೂ ಇಲ್ಲಿಂದಲೇ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಅದರ ಸಂಪಾದಕರಾಗಿದ್ದರು. ಮೊಳೆ ಜೋಡಿಸಿ ಅಚ್ಚಿಗೇರಿಸಿದ ಮೇಲೆ ಧಾರವಾಡಕ್ಕೆ ಹೋದ ಪ್ರತಿಯೂ ವಿಜಾಪುರಕ್ಕೆ ಹೋದ ಪ್ರತಿಯೂ ಅಕ್ಷರಕ್ಷರಕ್ಕೆ ಒಂದೇ. ಯಾವುದು ನಿಜವಾದ ಪ್ರತಿ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅಚ್ಚಿಗೆ ಮೊದಲಿನ ಕಾಲ ಹಾಗಿರಲಿಲ್ಲ. ಒಬ್ಬನು ಓಲೆಯಿಂದ ಓಲೆಗೆ ಪ್ರತಿಮಾಡುವಾಗ ಒಂದು ಪದ್ಯ ಬಿಟ್ಟ. ಇನ್ನೊಬ್ಬನು ತನಗೆ ತಿಳಿದ ಒಂದು ಪದ್ಯ ಸೇರಿಸಿದ. ಹೀಗೆ ಬೆಳೆದ ಪಾಠಾಂತರಗಳನ್ನು ಒಂದಕ್ಕೊಂದು ಹೋಲಿಸಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಲು ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ 1919ರಿಂದ 1966ರವರೆಗೆ ಕಾಲ ಹಿಡಿಯಿತು. ಅಚ್ಚಿನ ಮೊಳೆ ಓಡಿಸಿದ್ದ ಈ ತೊಡಕನ್ನು ಗಣಕಯಂತ್ರ ಮರಳಿ ನಮ್ಮ ಮನೆಗಳಿಗೇ ತಂದಿಟ್ಟಿದೆ. ಮನೆಯಲ್ಲೊಂದು ಯಂತ್ರ, ಕೆಲಸದ ಸ್ಥಳದಲ್ಲೊಂದು ಯಂತ್ರ ಇಟ್ಟುಕೊಂಡವರಿಗೆಲ್ಲ ಇದರ ಅನುಭವ ಉಂಟು.

ಅಗಡಿಯಲ್ಲಿ ಮನೆ, ಹಾವೇರಿಯ ಶಾಲೆಯಲ್ಲಿ ಕೆಲಸ. ಇಂಥ ಒಬ್ಬ ಮಾಸ್ತರರನ್ನು ಕಲ್ಪಿಸಿಕೊಳ್ಳೋಣ. ಎಂಬತ್ತೆರಡು ವರ್ಷದ ಸೋದರತ್ತೆ ಹೇಳುವ ಬೀಸುವ ಕಲ್ಲಿನ ಹಾಡುಗಳನ್ನು ಅವರು ಬರೆದಿಟ್ಟುಕೊಳ್ಳುತ್ತಿದ್ದಾರೆ. ಒಂದು ಶನಿವಾರ, ಭಾನುವಾರ ಕುಳಿತು ಹನ್ನೊಂದು ಹೊಸ ಹಾಡುಗಳನ್ನು ಮನೆಯ ಯಂತ್ರದಲ್ಲಿ ಟೈಪು ಮಾಡಿದರು. ಸೋಮವಾರ ಬಸ್ಸಿನ ಅವಸರದಲ್ಲಿ ಪೆನ್‌ಡ್ರೈವ್ ಮನೆಯಲ್ಲೇ ಉಳಿಯಿತು. ಶಾಲೆಯ ಯಂತ್ರದಲ್ಲಿ ಹಿಂದಿನ ವಾರದ ಪ್ರತಿಯಿತ್ತು. ಬಿಡುವಿನ ವೇಳೆಯಲ್ಲಿ ಅದರಲ್ಲಿಯೇ ನಾಲ್ಕಾರು ಕಾಗುಣಿತ ತಿದ್ದಿ, ಸಹೋದ್ಯೋಗಿಯ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದು ಮನೆಯ ಯಂತ್ರಕ್ಕೆ ಇಳಿಸಿದರು. “ಇದೇ ಹೆಸರಿನ ಫೈಲು ಇಲ್ಲಿದೆ, ಅದರ ಜಾಗದಲ್ಲಿ ಇದನ್ನು ಇಡಲೆ?” ಎಂದು ಯಂತ್ರ ಕೇಳಿತು. ದಣಿದಿದ್ದ ಮಾಸ್ತರರು ಹೌದೆಂದರು.

ರಾತ್ರಿ ಹೆಂಡತಿ ಇಣಿಕಿ ನೋಡಿ, “ಅಲ್ರೀ, ಶನಿವಾರ ಬರದ ಹಾಡು ಎಲ್ಲಿ ಹೋದುವು?” ಎಂದಾಗಲೇ ಅವರಿಗೆ ಎಚ್ಚರವಾದದ್ದು. ಅತ್ತೆಯನ್ನು ಮತ್ತೆ ಕೂರಿಸಿ ಕೇಳಿದರು. ಏಳು ಹಾಡುಗಳು ನೆನಪಿಗೆ ಬಂದುವು, ನಾಲ್ಕು ಬರಲಿಲ್ಲ.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ. ಹೇಳಿದ ಕೆಲಸವನ್ನೇ ಮಾಡಿತು. ದಿನಾಂಕ ನೋಡಿದರೆ ಶಾಲೆಯ ಪ್ರತಿಯೇ ಹೊಸದು, ಹಾಡುಗಳನ್ನು ನೋಡಿದರೆ ಮನೆಯ ಪ್ರತಿಯೇ ಪೂರ್ಣ. ಹೊಸದೆಲ್ಲ ಪೂರ್ಣವೆಂಬ ನಂಬಿಕೆಯೇ ಮೊದಲನೆಯ ತಪ್ಪು. ಅಷ್ಟೇ ಅಲ್ಲ, ದಿನಾಂಕವನ್ನೂ ನಂಬುವಂತಿಲ್ಲ. ಹಳೆಯ ಯಂತ್ರದೊಳಗಿನ ಗುಂಡಿಯಷ್ಟು ಗಾತ್ರದ ಬ್ಯಾಟರಿ ಸತ್ತರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಆಗ ಇಂದು ಬರೆದದ್ದೂ ಹಳೆಯದಾಗಿ ತೋರುತ್ತದೆ.

ಹಾಗಾದರೆ ಉಪಾಯವೇನು? ಎರಡು ಪ್ರತಿಗಳನ್ನು ಸರಿಸಮವಾಗಿಡುವುದಕ್ಕೆ ‘ಸಿಂಕ್’ ಎಂದು ಹೆಸರು. 1995ರ ವಿಂಡೋಸ್‌ನಲ್ಲಿಯೇ ‘ಬ್ರೀಫ್‌ಕೇಸ್’ ಎಂಬ ಸಾಧನವಿತ್ತು; ಮನೆಗೊಯ್ದ ಫೈಲನ್ನು ಕಚೇರಿಯ ಫೈಲಿನೊಡನೆ ಸರಿಹೊಂದಿಸುವುದೇ ಅದರ ಕೆಲಸ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬವರು ‘ಆರ್‌ಸಿಂಕ್’ ಎಂಬುದನ್ನು ರಚಿಸಿದರು. ಇಡೀ ಫೈಲನ್ನು ಸಾಗಿಸದೆ ಬದಲಾದ ಭಾಗವನ್ನಷ್ಟೇ ಸಾಗಿಸುವುದು ಅದರ ಜಾಣ್ಮೆ. ಅಮೆರಿಕದ ಡ್ರೂ ಹೌಸ್ಟನ್ ಎಂಬ ತರುಣ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟಾಗ ತನ್ನ ಪೆನ್‌ಡ್ರೈವ್ ಮರೆತುಬಂದದ್ದು ತಿಳಿಯಿತಂತೆ. ಆ ಬೇಸರದಿಂದಲೇ ‘ಡ್ರಾಪ್‌ಬಾಕ್ಸ್’ ಹುಟ್ಟಿತೆಂದು ಆತನೇ ಹೇಳಿಕೊಂಡಿದ್ದಾನೆ. 2008ರಲ್ಲಿ ಅದು ಸಾರ್ವಜನಿಕರ ಬಳಕೆಗೆ ಬಂತು. ಬಸ್ಸಿನ ಅವಸರದಲ್ಲಿ ಪೆನ್‌ಡ್ರೈವ್ ಮರೆಯುವುದು ಅಗಡಿಗೆ ಮಾತ್ರ ಸೇರಿದ ದೌರ್ಬಲ್ಯವಲ್ಲವೆಂದಾಯಿತು.

ಇಂಥ ಸಾಧನ ಕೇವಲ ಎರಡು ಪ್ರತಿಗಳನ್ನು ಹೋಲಿಸಿ ನೋಡಿದರೆ ಸಾಲದು. ಮನೆಯಲ್ಲಿ ಒಂದು ಫೈಲಿದೆ, ಶಾಲೆಯಲ್ಲಿ ಇಲ್ಲ ಎಂದಿಟ್ಟುಕೊಳ್ಳಿ. ಅದು ಮನೆಯಲ್ಲಿ ಹೊಸದಾಗಿ ಹುಟ್ಟಿದ್ದೋ, ಶಾಲೆಯಲ್ಲಿ ಬೇಕೆಂದೇ ಅಳಿಸಿದ್ದೋ? ಎರಡನ್ನೇ ನೋಡುವವನಿಗೆ ಇದು ತಿಳಿಯುವಂತಿಲ್ಲ. ಆದುದರಿಂದ ಒಳ್ಳೆಯ ಸಾಧನ ಹಿಂದಿನ ಸಲ ಎರಡೂ ಕೂಡಿದ್ದಾಗಿನ ಸ್ಥಿತಿಯನ್ನು ನೆನಪಿಟ್ಟುಕೊಂಡಿರುತ್ತದೆ. ಆ ನೆನಪಿಗೆ ಹೋಲಿಸಿದಾಗ ಒಂದೇ ಕಡೆ ಬದಲಾಗಿದ್ದರೆ ಅದನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಎರಡೂ ಕಡೆ ಬದಲಾಗಿದ್ದರೆ ತಾನು ನ್ಯಾಯ ಹೇಳಲು ಹೋಗದೆ ಎರಡನ್ನೂ ಬೇರೆ ಬೇರೆ ಹೆಸರಿನಿಂದ ಉಳಿಸಿ ಯಜಮಾನನ ಮುಂದಿಡುತ್ತದೆ. ಮಾಸ್ತರರ ಬಳಿ ಇದೊಂದಿದ್ದರೆ ನಾಲ್ಕು ಹಾಡುಗಳು ಉಳಿಯುತ್ತಿದ್ದುವು.

ಇದರಲ್ಲಿ ಎರಡು ಬಗೆ. ಎರಡು ಯಂತ್ರಗಳು ನೇರವಾಗಿ ಒಂದರೊಡನೊಂದು ಮಾತಾಡುವುದು ಒಂದು ಬಗೆ. 2013ರಲ್ಲಿ ಬಂದ ‘ಸಿಂಕ್‌ಥಿಂಗ್’ ಈ ಜಾತಿಯದು, ಹಣ ಕೊಡಬೇಕಾದುದಿಲ್ಲ. ಆದರೆ ಎರಡೂ ಯಂತ್ರಗಳು ಏಕಕಾಲಕ್ಕೆ ಚಾಲೂ ಇರಬೇಕು. ಶಾಲೆಯ ಯಂತ್ರ ಎಚ್ಚತ್ತಿರುವಾಗ ಮನೆಯದು ಮಲಗಿರುವ ಮಾಸ್ತರರಿಗೆ ಇದು ಒಗ್ಗದು. ಅವರಿಗೆ ಸದಾ ಎಚ್ಚರವಿರುವ ಮಧ್ಯಸ್ಥನೊಬ್ಬ ಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳು ಅಂಥ ಮಧ್ಯಸ್ಥರು. ಇಲ್ಲಿಯೂ ಒಂದು ಎಚ್ಚರಿಕೆ ಉಂಟು: ಬರೆದು ಮುಗಿಸಿದೊಡನೆ ಯಂತ್ರ ಆರಿಸಬಾರದು. ಬದಲಾವಣೆ ಮೇಲೇರಿತೆಂಬ ಗುರುತು ಕಂಡಮೇಲೆಯೇ ಏಳಬೇಕು. ನಡುವೆ ಕರೆಂಟು ಹೋದರೆ ಆ ದಿನದ ಬರಹ ಮನೆಯಲ್ಲಿಯೇ ಉಳಿಯುತ್ತದೆ. ಮಾರನೆಯ ದಿನ ಶಾಲೆಯಲ್ಲಿ ಹಳೆಯದೇ ಎದುರುಗೊಳ್ಳುತ್ತದೆ.

ಫೈಲು ಸಾಗಿತೆಂದ ಮಾತ್ರಕ್ಕೆ ಬರಹ ಸಾಗಿತೆನ್ನುವಂತೆಯೂ ಇಲ್ಲ. ಕನ್ನಡಿಗರಿಗೆ ಈ ಕಷ್ಟ ವಿಶೇಷವಾಗಿ ಗೊತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಇವು ನಾಡಿಗೆ ಗಣಕದಲ್ಲಿ ಕನ್ನಡ ಕಲಿಸಿದುವು. ಅವುಗಳ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಲಾಗಿತ್ತು. ಅದೇ ಅಕ್ಷರವಿನ್ಯಾಸ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಫೈಲು ಒಂದು ಚೂರೂ ಕೆಟ್ಟಿರುವುದಿಲ್ಲ. ಓದುವ ಕಣ್ಣು ಮಾತ್ರ ಅಲ್ಲಿರುವುದಿಲ್ಲ.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆಂದು 128 ಮನೆಗಳನ್ನು ಬೇರೆಯಾಗಿ ಕೊಡಲಾಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸವೂ ಬಂತು. ಯೂನಿಕೋಡಿನಲ್ಲಿ ‘ಅ’ ಎಂದು ಬರೆದರೆ ಹಾವೇರಿಯಲ್ಲಿಯೂ ಹ್ಯೂಸ್ಟನ್ನಿನಲ್ಲಿಯೂ ಅದು ‘ಅ’ವೇ. ಹಳೆಯ ಫೈಲುಗಳನ್ನು ಪರಿವರ್ತಕದ ಮೂಲಕ ಒಮ್ಮೆ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ ತಿದ್ದಿಕೊಂಡರೆ ಈ ಪೀಡೆ ತೀರುತ್ತದೆ.

ತಂತ್ರಾಂಶಗಳದು ಬೇರೆಯೇ ಕಥೆ. ಫೈಲಿನಂತೆ ಅವನ್ನು ಎತ್ತಿಕೊಂಡು ಹೋಗಿ ಇನ್ನೊಂದು ಯಂತ್ರದಲ್ಲಿ ಇಟ್ಟರೆ ಹೆಚ್ಚಿನವು ನಡೆಯವು. ಸ್ಥಾಪನೆಯಾಗುವಾಗ ಅವು ಯಂತ್ರದ ಅನೇಕ ಕಡೆ ಬೇರು ಬಿಟ್ಟಿರುತ್ತವೆ. ಎರಡೂ ಕಡೆ ಬೇರೆಬೇರೆಯಾಗಿ ಸ್ಥಾಪಿಸುವುದೇ ದಾರಿ. ಯಾವ ತಂತ್ರಾಂಶ, ಎಷ್ಟನೆಯ ಆವೃತ್ತಿ, ಯಾವ ಕೀಲಿಮಣೆ ವಿನ್ಯಾಸ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಎರಡೂ ಯಂತ್ರಗಳಲ್ಲಿ ತಾಳೆ ನೋಡಿದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಕೊನೆಗೊಂದು ಮುಖ್ಯ ಮಾತು. ಸಿಂಕ್ ಮಾಡುವುದೂ ಕಾಪಿಡುವುದೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸುವುದು ಸಿಂಕಿನ ಧರ್ಮ. ಅದು ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಪ್ರತಿಮಾಡುತ್ತದೆ. ಹಲವು ಮಧ್ಯಸ್ಥರು ಅಳಿಸಿದ್ದನ್ನು ಕೆಲವು ದಿನ ಕಸದಬುಟ್ಟಿಯಲ್ಲಿ ಇಟ್ಟಿರುತ್ತಾರೆ, ನಿಜ. ಆದರೆ ಆ ಅವಧಿ ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಆದುದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ ಎಂಬುದು ತಿಳಿದವರ ನಿಯಮ. ಈ ಸಿಂಕಿನ ಸುತ್ತಿಗೆ ಸೇರದ ಒಂದು ಪ್ರತಿ ಎಲ್ಲಿಯಾದರೂ ಇರಲೇಬೇಕು.

ನಮ್ಮ ಮಾಸ್ತರರು ಈಗ ಹೀಗೆ ಮಾಡುತ್ತಾರೆ. ಎರಡು ಯಂತ್ರಗಳ ನಡುವೆ ಮಧ್ಯಸ್ಥನಿದ್ದಾನೆ. ಪ್ರತಿ ಶನಿವಾರ ಹಾಡುಗಳ ಫೈಲಿಗೆ ಆ ದಿನದ ತಾರೀಖನ್ನು ಹೆಸರಾಗಿ ಕೊಟ್ಟು ಪೆನ್‌ಡ್ರೈವಿಗೆ ಹಾಕಿ, ಅದನ್ನು ಹಾವೇರಿಯ ತಮ್ಮನ ಮನೆಯಲ್ಲಿ ಇಟ್ಟು ಬರುತ್ತಾರೆ. ಹಿಂದಿನ ವಾರದ್ದನ್ನು ಅಳಿಸುವುದಿಲ್ಲ.

“ನನ್ನ ಹಾಡು ಎಷ್ಟ ಕಡೆ ಇಟ್ಟೀಯೋ ತಮ್ಮಾ?” ಎಂದು ಅತ್ತೆ ಒಂದು ದಿನ ಕೇಳಿದರು.

“ನಾಕು ಕಡೆ ಅತ್ತಿ.”

“ಹಂಗಾದರ ಒಂದು ಕಡೆಯಾದರೂ ಉಳದೀತು,” ಎಂದರು ಅತ್ತೆ. ನೆನಪಾಗದ ಆ ನಾಲ್ಕು ಹಾಡುಗಳಿಗಾಗಿ ಇನ್ನೂ ತಡಕಾಡುತ್ತಲೇ ಇದ್ದರು.