ಮಾತಿಗೆ ಮುಂಚಿನ ಪಿಟೀಲು

ಅಮೆರಿಕದ ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡ 1995ರಲ್ಲಿ ತಂದ ‘ಮೆಲನ್ ಕೋಲಿ ಆ್ಯಂಡ್ ದಿ ಇನ್ಫಿನಿಟ್ ಸ್ಯಾಡ್‌ನೆಸ್’ ಗಿಟಾರಿನ ಅಬ್ಬರಕ್ಕೆ ಹೆಸರಾದ ಜೋಡಿ ಆಲ್ಬಂ. ಅದು ಶುರುವಾಗುವುದು ಮಾತ್ರ ಮೂರು ನಿಮಿಷಕ್ಕೂ ಕಡಿಮೆಯ, ಹಾಡುಗಾರನೇ ಇಲ್ಲದ ಪಿಯಾನೊ ತುಣುಕಿನಿಂದ. ಆಲ್ಟರ್ನೇಟಿವ್ ರಾಕ್‌ನವರ ಈ ಜಾಣ್ಮೆಯನ್ನು ಮೆಚ್ಚೋಣ, ಆದರೆ ಹೊಸದೆನ್ನಬೇಕಿಲ್ಲ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯ ಬೆಳಗೂ ಹೀಗೆಯೇ: ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲು, ಬಳಿಕ ವಂದೇ ಮಾತರಂ, ಮಾತು ಆಮೇಲೆ.

ಆಕಾಶವಾಣಿಯ ಆ ತಂಬೂರಿ-ಪಿಟೀಲಿನ ಸಿಗ್ನೇಚರ್ ಟ್ಯೂನ್ ಹುಟ್ಟಿದ್ದು ಮುಂಬಯಿಯಲ್ಲಿ. ನಾಜಿಗಳ ಕಾಲದ ಯುರೋಪು ತೊರೆದು 1934ರಲ್ಲಿ ಅಲ್ಲಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅದರ ಕರ್ತೃ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಬೇರೆ ಹೆಸರುಗಳೂ ಆಗಾಗ ಕೇಳಿಬರುತ್ತವೆ. ಮಾತಿಗೆ ಮುಂಚೆ ಟ್ಯೂನ್ ಬರುವುದರಿಂದ ಕೇಳುಗರಿಗೆ ಉಪಯೋಗವೂ ಇತ್ತು: ಹಳೆಯ ವಾಲ್ವ್ ರೇಡಿಯೊ ಕಾಯಲು ಒಂದಿಷ್ಟು ಹೊತ್ತು ಬೇಕಿತ್ತು. ಆಮೇಲೆ ಗುಂಡಿ ತಿರುವಿ, ಮುಳ್ಳನ್ನು ಅತ್ತಿತ್ತ ಸರಿಸಿ, ಗೊರಗೊರ ಸದ್ದಿನೊಳಗಿಂದ ಸ್ಟೇಷನ್ ಹೆಕ್ಕಬೇಕು. ಆ ಹೊತ್ತಿಗೇ ವಾರ್ತೆ ಓದಿದರೆ ಮೊದಲ ಸಾಲುಗಳು ಗಾಳಿಪಾಲು. ಟ್ಯೂನ್ ಮರಳಿ ಮರಳಿ ಬರುವುದರಿಂದ ಎಲ್ಲಿಂದ ಕೇಳಿದರೂ ನಷ್ಟವಿಲ್ಲ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟದಲ್ಲಿ ತಡವಾಗಿ ರೇಡಿಯೊ ಹಚ್ಚಿದವರಿಗೂ ಅದು ಪೂರ್ತಿಯೇ. ಕನ್ನಡ, ದಖ್ಖನಿ, ಮರಾಠಿ, ತೆಲುಗು ಬೆರೆತ ಈ ಸೀಮೆಯಲ್ಲಿ ಮಾತಿಲ್ಲದ ಪಿಟೀಲಿಗೆ ಇನ್ನೊಂದು ಅನುಕೂಲವೂ ಇತ್ತು: ಯಾರ ಮನೆಯಲ್ಲೂ ಅದು ಪರಭಾಷೆಯಲ್ಲ.

ರೇಡಿಯೊದ್ದು ಬರೀ ಸಿಗ್ನಲ್, ಪಂಪ್ಕಿನ್ಸ್ ತಂಡದ ಬಿಲ್ಲಿ ಕಾರ್ಗನ್ ಬರೆದದ್ದು ಕಲಾಕೃತಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದೇ ಎಂಬ ತಕರಾರು ನ್ಯಾಯವೇ. ಸಿ.ಡಿ.ಗೆ ಮುಳ್ಳು ಸರಿಸುವ ಕಷ್ಟವಿಲ್ಲ, ನಿಜ. ಆದರೆ ಕಿವಿ ಕೂರಲು ಸಮಯ ಬೇಕಲ್ಲ? ಕಾರ್ಗನ್ ಅದನ್ನು ಹಂತಹಂತವಾಗಿ ಮಾಡುತ್ತಾರೆ. ಪಿಯಾನೊ ಮುಗಿದೊಡನೆ ‘ಟುನೈಟ್, ಟುನೈಟ್’ನ ಪಿಟೀಲು ವೃಂದ ಏಳುತ್ತದೆ, ಗಿಟಾರುಗಳು ನಿಜಕ್ಕೂ ಗುಡುಗುವುದು ಮೂರನೆಯ ಹಾಡು ‘ಜೆಲ್ಲಿಬೆಲ್ಲಿ’ಯಲ್ಲಿ. ಅದನ್ನೇ ಮೊದಲಿಗಿಟ್ಟಿದ್ದರೆ ಇದು ಮತ್ತೊಂದು ಗದ್ದಲದ ಆಲ್ಬಂ ಅನ್ನಿಸುತ್ತಿತ್ತು. ಅಗತ್ಯ ಯಂತ್ರದಿಂದ ಕೇಳುಗನಿಗೆ ವರ್ಗವಾಯಿತು, ಅಷ್ಟೆ.

ಮೊಬೈಲಿನಲ್ಲಿ ಬೇಕಾದ ಹಾಡನ್ನೇ ಒತ್ತುವವರಿಗೆ ಈ ಪೀಠಿಕೆ ಯಾಕೆ ಎನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಇಲ್ಲಿ ಆಲ್ಬಂ ಸೋಲುತ್ತದೆ ಎಂದೇ ನನ್ನ ಎಣಿಕೆ: ಸಾಲಿನಿಂದ ಕಿತ್ತರೆ ಆ ಪಿಯಾನೊ ಚೆಂದದ ತುಣುಕಾಗಿ ಉಳಿದೀತು, ಆರಂಭವಾಗಿ ಅಲ್ಲ. ರೇಡಿಯೊದಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಇಲ್ಲ. ಕೌಫ್‌ಮನ್‌ರ ಟ್ಯೂನ್ ಕೇಳದೆ ಬೆಳಗಿನ ವಂದೇ ಮಾತರಂಗೆ ಕಾಯುವಂತಿಲ್ಲ.