ಹರೆಯದವರ ಕುಡಿತ, ನಶೆ: ನಂಬಿಕೆ ಏನು, ನಿಜ ಏನು?

ಕಡೂರಿರಲಿ, ತರೀಕೆರೆ, ಅಜ್ಜಂಪುರವಿರಲಿ, ಪಿಯುಸಿ ಹುಡುಗನ ಬಾಯಿಂದ ವಾಸನೆ ಬಂದರೆ ಮನೆಯಲ್ಲಿ ಮೊದಲು ಏಳುವುದು ಕೈ. ಇಲ್ಲವೇ ‘ಯಾರಿಗೂ ಹೇಳಬೇಡ’ ಎಂಬ ಮಾತು. ಎರಡಕ್ಕೂ ಬೇರು ಕೆಲವು ತಪ್ಪು ನಂಬಿಕೆಗಳಲ್ಲಿದೆ.

ನಂಬಿಕೆ: ‘ಬಿಯರ್ ತಾನೇ, ಬ್ರಾಂದಿ ಅಲ್ಲವಲ್ಲ.’
ನಿಜ: ಶೇ 7ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 36 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 42.8ರ ವಿಸ್ಕಿಯ ‘ನೈಂಟಿ’ಯಲ್ಲಿ ಇರುವುದು ಸುಮಾರು 30 ಗ್ರಾಂ.

ನಂಬಿಕೆ: ‘ನಶೆಯೆಲ್ಲ ಬೆಂಗಳೂರಿನ ಕಾಯಿಲೆ.’
ನಿಜ: ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಸಿಗದ ಊರಿಲ್ಲ. ಕೇಂದ್ರ ಸರ್ಕಾರದ 2019ರ ಸಮೀಕ್ಷಾ ವರದಿಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡದ್ದು ಇಂಥವನ್ನು ಮೂಸುವ ಚಟವೊಂದೇ. ಮೊದಲ ಸಲ ಮೂಸಿದಾಗಲೇ ಹೃದಯದ ಬಡಿತ ತಪ್ಪಿ ಸಾಯಬಹುದು. ಕರ್ಚೀಫಿನಲ್ಲಿ ಥಿನ್ನರ್ ವಾಸನೆ, ಮೂಗು-ಬಾಯಿಯ ಸುತ್ತ ಕೆಂಪು ಗುಳ್ಳೆ ಕಂಡರೆ ಉಪೇಕ್ಷೆ ಬೇಡ.

ನಂಬಿಕೆ: ‘ನಾಲ್ಕು ಬಾರಿಸಿದರೆ ಬುದ್ಧಿ ಬರುತ್ತೆ.’
ನಿಜ: ಏಟು ಬಿದ್ದವನು ಬಿಡುವುದಕ್ಕಿಂತ ಮುಚ್ಚಿಡುವುದನ್ನು ಬೇಗ ಕಲಿಯುತ್ತಾನೆ. ಅಮಲು ಇಳಿದ ಮೇಲೆ, ಒಬ್ಬನೇ ಇದ್ದಾಗ ಕೇಳಿ: ‘ಯಾವಾಗ ಬೇಕು ಅನ್ಸುತ್ತೋ ಮಗ?’ ಪರೀಕ್ಷೆಯ ಭಯವೋ, ಗೆಳೆಯರ ಒತ್ತಾಯವೋ, ಮನೆಯ ಜಗಳವೋ, ಆಗ ಬಾಯಿಬಿಟ್ಟಾನು. ಕುಡಿದು ಬೈಕ್ ಮುಟ್ಟುವಂತಿಲ್ಲ ಎಂಬಂಥ ಕಟ್ಟುನಿಟ್ಟು ಮಾತ್ರ ಸಡಿಲವಾಗದಿರಲಿ.

ನಂಬಿಕೆ: ‘ಗೊತ್ತಾಗದ ಹಾಗೆ ಸಾರಿಗೆ ಪುಡಿ ಬೆರೆಸಿದರೆ ಬಿಟ್ಟುಬಿಡ್ತಾನೆ.’
ನಿಜ: ಇಂಥ ಪುಡಿಯಲ್ಲಿ ಡೈಸಲ್ಫಿರಾಂ ಎಂಬ ಔಷಧ ಇರಬಹುದು. ಅದರ ಮೇಲೆ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರೂ ರೋಗಿಗೆ ತಿಳಿಸದೆ ಅದನ್ನು ಕೊಡುವುದಿಲ್ಲ.

ನಂಬಿಕೆ: ‘ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ.’
ನಿಜ: ಕುಡಿತಕ್ಕೆ ಚಿಕಿತ್ಸೆ ಪಡೆಯುವುದು ಅಪರಾಧವಲ್ಲ. ಮಾದಕ ವಸ್ತು ಕಾಯ್ದೆಯ 64ಎ ಕಲಂ ಕೂಡ ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ. ಶಿಕ್ಷೆ ಕಾದಿರುವುದು ಮಕ್ಕಳ ಕೈಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ: 2015ರ ಬಾಲನ್ಯಾಯ ಕಾಯ್ದೆಯಂತೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ನಂಬಿಕೆ: ‘ಬಿಟ್ಟವನು ಮತ್ತೆ ಹಿಡಿದ, ಇನ್ನು ಮುಗೀತು.’
ನಿಜ: ಚಟ ಮರುಕಳಿಸುವುದು ಅಪರೂಪವಲ್ಲ, ಚಿಕಿತ್ಸೆ ಬದಲಿಸಬೇಕೆಂಬ ಸೂಚನೆ ಅದು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ‘ಸ್ನೇಹ ಕ್ಲಿನಿಕ್’ ಬಗ್ಗೆ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ. ಹುಡುಗ ಒಪ್ಪುವವರೆಗೆ ಕಾಯಬೇಕಿಲ್ಲ, ಮೊದಲ ಕರೆ ಅಪ್ಪ-ಅಮ್ಮನೇ ಮಾಡಬಹುದು.